ಸಿಂಕು, ಬಚ್ಚಲು, ಕಮೋಡು ಕಟ್ಟಿಕೊಂಡಾಗ ಯಾವ ಉಪಾಯ ಮೊದಲು, ಯಾವುದು ಕೊನೆಗೆ?

ಅಡುಗೆಮನೆಯ ಸಿಂಕಿನಲ್ಲಿ ನೀರು ಇಳಿಯದೆ ನಿಂತುಬಿಟ್ಟ ದಿನ ಸಲಹೆ ಕೊಡುವವರಿಗೇನೂ ಕೊರತೆ ಇರುವುದಿಲ್ಲ. ಬಿಸಿನೀರು ಸುರಿಯಿರಿ ಎಂದು ಒಬ್ಬರು, ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಹಾಕಿ ಎಂದು ಇನ್ನೊಬ್ಬರು, ಅಂಗಡಿಯಲ್ಲಿ ಸಿಗುವ ಪುಡಿಯ ಪೊಟ್ಟಣ ತಂದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎಂದು ಮತ್ತೊಬ್ಬರು, ಇಷ್ಟೆಲ್ಲ ತಾಪತ್ರಯ ಯಾಕೆ, ಪ್ಲಂಬರನ್ನೇ ಕರೆಸಿ ಎಂದು ಮಗದೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಫಲ ಕೊಟ್ಟ ಉಪಾಯಗಳೇ. ತೊಂದರೆ ಏನೆಂದರೆ ಒಂದೊಂದೂ ಒಂದೊಂದು ಬಗೆಯ ತಡೆಗೆ ಮಾತ್ರ ಒಗ್ಗುತ್ತದೆ, ಮತ್ತು ಕೆಲವನ್ನು ಒಮ್ಮೆ ಪ್ರಯೋಗಿಸಿದ ಮೇಲೆ ಉಳಿದವನ್ನು ಪ್ರಯೋಗಿಸುವುದು ಅಪಾಯವಾಗುತ್ತದೆ. ಈ ಎರಡನೆಯ ಸಂಗತಿಯನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಈ ಬರಹದಲ್ಲಿ ನಾನು ಅದನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಆಯ್ಕೆಗೆ ಮೊದಲು ತಿಳಿಯಬೇಕಾದದ್ದು

ಮೊದಲನೆಯ ಪ್ರಶ್ನೆ, ತಡೆ ಎಲ್ಲಿದೆ ಎಂಬುದು. ನಮ್ಮ ಕಡೆಯ ಮನೆಗಳಲ್ಲಿ ಸಿಂಕಿನ ನೀರು ಅದರ ಕೆಳಗಿನ ಸುರುಳಿ ಪೈಪು ಅಥವಾ ಬಾಟಲ್ ಟ್ರ್ಯಾಪ್ (ಮೋರಿಯ ಗಾಳಿ ಮೇಲೆ ಬರದಂತೆ ಸ್ವಲ್ಪ ನೀರು ಸದಾ ನಿಲ್ಲುವ ಬಟ್ಟಲು) ಮೂಲಕ ಗೋಡೆಯೊಳಗಿನ ಪೈಪಿಗೆ ಇಳಿಯುತ್ತದೆ. ಬಚ್ಚಲಿನ ನೀರು ನೆಲದ ಜಾಲಿಯ ಅಡಿಯಲ್ಲಿರುವ ನಹಾನಿ ಟ್ರ್ಯಾಪ್ ದಾಟಿ ಸಾಮಾನ್ಯವಾಗಿ 75 ಮಿಲಿಮೀಟರಿನ ಪೈಪನ್ನು ಸೇರುತ್ತದೆ. ಕಮೋಡಿನದು 110 ಮಿಲಿಮೀಟರಿನ ಬೇರೆಯೇ ಪೈಪು. ಇವೆಲ್ಲ ಕೊನೆಗೆ ಅಂಗಳದಲ್ಲಿರುವ ಚೇಂಬರಿನಲ್ಲಿ ಕೂಡಿ, ಅಲ್ಲಿಂದ ಬೀದಿಯ ಒಳಚರಂಡಿಗೋ ಹಿತ್ತಿಲಿನ ಗುಂಡಿಗೋ ಹೋಗುತ್ತವೆ. ಒಂದೇ ಸಿಂಕು ಕಟ್ಟಿಕೊಂಡು ಉಳಿದೆಲ್ಲ ಸರಾಗವಾಗಿದ್ದರೆ ತಡೆ ಆ ಸಿಂಕಿನ ಟ್ರ್ಯಾಪಿನಲ್ಲೋ ಅದರಿಂದ ಒಂದೆರಡು ಅಡಿ ಆಚೆಗೋ ಇದೆ ಎಂದು ತಿಳಿಯಬಹುದು. ಸಿಂಕು ಖಾಲಿ ಮಾಡಿದಾಗ ಪಕ್ಕದ ಬಚ್ಚಲಿನ ಜಾಲಿಯಿಂದ ನೀರು ಮೇಲೆ ಬಂದರೆ ಎರಡಕ್ಕೂ ಸೇರಿದ ಪೈಪಿನಲ್ಲಿ ತೊಂದರೆ ಇದೆ. ಮನೆಯಲ್ಲೆಲ್ಲ ನೀರು ನಿಧಾನವಾಗಿ ಹೋಗುತ್ತಿದ್ದರೆ ಒಳಗೆ ಏನನ್ನೂ ಮುಟ್ಟುವ ಮೊದಲು ಅಂಗಳದ ಚೇಂಬರಿನ ಮುಚ್ಚಳ ತೆಗೆದು ನೋಡಬೇಕು: ಚೇಂಬರು ತುಂಬಿ ನಿಂತಿದ್ದರೆ ತಡೆ ಮನೆಯ ಹೊರಗಿದೆ, ಖಾಲಿಯಿದ್ದರೆ ಮನೆಗೂ ಚೇಂಬರಿಗೂ ನಡುವೆ ಇದೆ. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಎಷ್ಟೋ ಮನೆಗಳಲ್ಲಿ ಸಿಂಕಿಗೆ ವಾರಗಟ್ಟಲೆ ಪುಡಿ ಸುರಿಯುತ್ತಾರೆ.

ಎರಡನೆಯದು, ಕಟ್ಟಿಕೊಂಡಿರುವ ವಸ್ತು ಯಾವುದು. ಅಡುಗೆಮನೆಯಲ್ಲಿ ಬಹುಪಾಲು ಜಿಡ್ಡು ಮತ್ತು ಹಿಟ್ಟು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಆದ್ದರಿಂದ ಬೆಂಗಳೂರು, ಮೈಸೂರು, ಮಡಿಕೇರಿಯಂಥ ಊರುಗಳಲ್ಲಿ ಚಳಿಗಾಲದ ಬೆಳಗ್ಗೆ ಪೈಪಿನೊಳಗೆ ಎಣ್ಣೆ, ತುಪ್ಪ ಎರಡೂ ಮೇಣದ ಹಾಗೆ ಅಂಟಿ ಕೂರುತ್ತವೆ. ಅದರ ಮೇಲೆ ಅನ್ನದ ಗಂಜಿ, ರಾಗಿ ಹಿಟ್ಟು, ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಚಹಾಪುಡಿ, ತೆಂಗಿನ ತುರಿ ಪದರ ಪದರವಾಗಿ ಸೇರುತ್ತವೆ. ಬಚ್ಚಲಿನಲ್ಲಿ ತಲೆಗೂದಲು ಮತ್ತು ಸೋಪಿನ ಲೋಳೆ; ಎಣ್ಣೆ ಸ್ನಾನ ಮಾಡಿ ಸೀಗೆಪುಡಿ, ಕಡಲೆಹಿಟ್ಟು ಹಚ್ಚಿ ತೊಳೆಯುವ ಯುಗಾದಿ, ದೀಪಾವಳಿಯ ಮರುದಿನ ಪ್ಲಂಬರುಗಳಿಗೆ ಕರೆ ಬಂದರೆ ಆಶ್ಚರ್ಯವಿಲ್ಲ. ಬೋರ್‌ವೆಲ್ಲಿನ ಗಡುಸು ನೀರು ಬಳಸುವ ಮನೆಗಳಲ್ಲಿ ಇವುಗಳ ಜೊತೆಗೆ ಸುಣ್ಣದಂಥ ಬಿಳಿ ಪೊರೆಯೂ ಪೈಪಿನ ಒಳಮೈಗೆ ಹತ್ತಿಕೊಳ್ಳುತ್ತದೆ. ಕಮೋಡಿನಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹಾಕಬಾರದ ವಸ್ತು: ಸ್ಯಾನಿಟರಿ ಪ್ಯಾಡ್, ಡೈಪರ್, ಒದ್ದೆ ಒರೆಸುವ ಹಾಳೆ, ಮಕ್ಕಳ ಆಟಿಕೆ. ಹೊಸದಾಗಿ ಕಟ್ಟಿದ ಅಥವಾ ಈಚೆಗೆ ಟೈಲ್ಸ್ ಬದಲಿಸಿದ ಮನೆಯಾದರೆ ಗಾರೆ ಕೆಲಸದವರು ತೊಳೆದ ಸಿಮೆಂಟಿನ ನೀರು ಪೈಪಿನಲ್ಲಿ ಕಲ್ಲಾಗಿರುವ ಸಾಧ್ಯತೆಯನ್ನು ಮರೆಯಬಾರದು, ಏಕೆಂದರೆ ಅದಕ್ಕೆ ಕೆಳಗೆ ಹೇಳುವ ಯಾವ ಮನೆಮದ್ದೂ ಇಲ್ಲ.

ಮೂರನೆಯದು, ಆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ನಗರದ ಒಳಚರಂಡಿಗೆ ಸೇರುವ ಮನೆಗೂ, ಮಲೆನಾಡು, ಕರಾವಳಿಯ ಹಾಗೆ ಬಚ್ಚಲು ನೀರನ್ನು ತೆಂಗು, ಬಾಳೆಯ ಬುಡಕ್ಕೆ ಬಿಟ್ಟು ಕಮೋಡಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡುವ ಮನೆಗೂ ಒಂದೇ ಉಪಾಯ ಹೇಳಲಾಗದು.

ನಾಲ್ಕನೆಯದೇ ಮೇಲೆ ಹೇಳಿದ ಮುಖ್ಯ ಅಳತೆಗೋಲು: ಈ ಉಪಾಯ ಫಲಿಸದಿದ್ದರೆ ಮುಂದಿನ ಉಪಾಯಕ್ಕೆ ದಾರಿ ಉಳಿಯುತ್ತದೆಯೇ? ಹಣ ಮತ್ತು ಸಮಯದ ಲೆಕ್ಕ ಇದಾದ ಮೇಲೆ ಬರುತ್ತದೆ.

ಬಿಸಿನೀರು ಮತ್ತು ಸೋಡಾ–ವಿನೆಗರ್

ಖರ್ಚಿಲ್ಲದ ಉಪಾಯ ಬಿಸಿನೀರು. ಜಿಡ್ಡು ಇನ್ನೂ ಮೆತ್ತಗಿದ್ದು ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದರೆ, ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಎರಡು ಮೂರು ಚಮಚ ಹಾಕಿ ಒಂದು ಬಕೆಟ್ ಬಿಸಿನೀರನ್ನು ಒಂದೇ ಸಲಕ್ಕೆ ಸುರಿದರೆ ಪ್ರಯೋಜನವಾಗುತ್ತದೆ. ಆದರೆ ಒಲೆಯಿಂದ ಇಳಿಸಿದ ಕುದಿನೀರನ್ನು ಹಾಗೆಯೇ ಸುರಿಯಬಾರದು. ಪಿವಿಸಿ ಪೈಪು 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ, ಪಿಂಗಾಣಿ ಕಮೋಡು ಬಿರುಕು ಬಿಡಬಹುದು. ಕುದಿನೀರಿಗೆ ಹೆಚ್ಚುಕಡಿಮೆ ಅಷ್ಟೇ ತಣ್ಣೀರು ಬೆರೆಸಿದರೆ 60 ಡಿಗ್ರಿಯ ಸುತ್ತಮುತ್ತ ಬರುತ್ತದೆ. ಕೊಬ್ಬರಿ ಎಣ್ಣೆಯನ್ನೂ ತುಪ್ಪವನ್ನೂ ಕರಗಿಸಲು ಅಷ್ಟು ಶಾಖ ಧಾರಾಳ. ಸಿಂಕು ಪೂರ್ತಿ ಕಟ್ಟಿ ನೀರು ನಿಂತಿರುವಾಗ ಇದರಿಂದ ಉಪಯೋಗ ಕಡಿಮೆ, ಏಕೆಂದರೆ ಬಿಸಿ ತಡೆಯವರೆಗೆ ತಲುಪುವುದರೊಳಗೆ ನಿಂತ ನೀರಿನಲ್ಲೇ ಆರಿಹೋಗುತ್ತದೆ. ಕೂದಲಿನ ಗಂಟಿಗಂತೂ ಬಿಸಿನೀರು ಸ್ನಾನ ಮಾಡಿಸಿದಂತೆ ಅಷ್ಟೇ.

ಅಡುಗೆ ಸೋಡಾ ಮತ್ತು ವಿನೆಗರಿನ ಜೋಡಿ ನೋಡಲು ಬಹಳ ಚೆಂದ, ನೊರೆ ಉಕ್ಕಿ ಬರುತ್ತದೆ. ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ತಣಿಸಿ, ಇಂಗಾಲದ ಡೈಆಕ್ಸೈಡ್ ಮೇಲಕ್ಕೆ ಹಾರಿಹೋಗಿ, ಕೆಳಗೆ ಉಳಿಯುವುದು ಲವಣದ ನೀರು ಮಾತ್ರ. ಪೈಪಿನ ವಾಸನೆ ಸ್ವಲ್ಪ ತಗ್ಗಬಹುದು. ತಡೆ ಬಿಡಿಸುವ ಉಪಾಯಗಳ ಪಟ್ಟಿಯಲ್ಲಿ ಇದನ್ನು ನಾನು ಇಡುವುದಿಲ್ಲ.

ರಬ್ಬರ್ ಪಂಪು

ಪ್ಲಂಜರ್ ಎಂಬ ಹಿಡಿಯುಳ್ಳ ರಬ್ಬರ್ ಬಟ್ಟಲಿಗೆ ನೂರರಿಂದ ಮುನ್ನೂರು ರೂಪಾಯಿಯ ಒಳಗಿನ ಖರ್ಚು. ಸಿಂಕು, ಬೇಸಿನ್, ನೆಲದ ಜಾಲಿಗೆ ಚಪ್ಪಟೆ ಬಟ್ಟಲಿನದೂ, ಕಮೋಡಿಗೆ ಬಟ್ಟಲಿನ ಕೆಳಗೆ ಮತ್ತೊಂದು ಮಡಿಕೆ ಚಾಚಿಕೊಂಡಿರುವುದೂ ಬೇಕು. ಒಂದನ್ನೇ ಎರಡಕ್ಕೂ ಬಳಸಿದರೆ ಕೆಲಸವೂ ಆಗದು, ಶುಚಿಯೂ ಅಲ್ಲ.

ಇದನ್ನು ಕೊಂಡವರಲ್ಲಿ ಅನೇಕರು ಇದರಿಂದ ಏನೂ ಆಗಲಿಲ್ಲ ಎಂದು ಮೂಲೆಗೆ ಎಸೆಯಲು ಕಾರಣ, ಗಾಳಿ ನುಸುಳುವ ದಾರಿಯನ್ನು ಮುಚ್ಚದಿರುವುದು. ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ನೇರವಾಗಿ ತಡೆಯವರೆಗೆ ಒಯ್ಯುತ್ತದೆ. ಗಾಳಿಯಾದರೋ ತಾನೇ ಕುಗ್ಗಿ ನಮ್ಮ ಶ್ರಮವನ್ನು ನುಂಗಿಬಿಡುತ್ತದೆ. ಆದ್ದರಿಂದ ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿರಬೇಕು, ವಾಷ್ ಬೇಸಿನ್ನಿನ ಮೇಲಂಚಿನಲ್ಲಿರುವ ತೂತಿಗೆ ಒದ್ದೆ ಬಟ್ಟೆ ತುರುಕಬೇಕು, ಜೋಡಿ ಸಿಂಕಾಗಿದ್ದರೆ ಇನ್ನೊಂದರ ಬಾಯನ್ನು ಮತ್ತೊಬ್ಬರು ಅದುಮಿ ಹಿಡಿಯಬೇಕು. ಬಟ್ಟಲನ್ನು ಓರೆಯಾಗಿ ಇಳಿಸಿ ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು, ಬಾಯಿಗೆ ಬಿಗಿಯಾಗಿ ಕೂರಿಸಿ, ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಬೇಕು. ಒತ್ತುವುದಕ್ಕಿಂತ ಎಳೆಯುವುದು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಒತ್ತಿದರೆ ಇನ್ನಷ್ಟು ಬಿಗಿದುಕೊಳ್ಳುವ ಗಂಟು ಎಳೆದರೆ ಸಡಿಲವಾಗುತ್ತದೆ.

ಈ ಉಪಾಯದ ಗುಣವೆಂದರೆ ಇದು ಸೋತರೂ ಏನೂ ಕೆಡುವುದಿಲ್ಲ. ಒಂದೇ ಎಚ್ಚರ: ಸಿಂಕಿನ ಕೆಳಗಿನ ಸುರುಳಿ ಪೈಪನ್ನು ಗೋಡೆಯ ಪೈಪಿಗೆ ಸುಮ್ಮನೆ ತುರುಕಿಟ್ಟಿರುವ ಮನೆಗಳಲ್ಲಿ ಜೋರಾಗಿ ಒತ್ತಿದರೆ ಅದು ಕಳಚಿಕೊಂಡು ಹೊಲಸು ನೀರು ಕಪಾಟಿನೊಳಗೆಲ್ಲ ಹರಿಯುತ್ತದೆ. ಮೊದಲು ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಟ್ರ್ಯಾಪನ್ನು ಬಿಚ್ಚುವುದು

ಸಿಂಕು ಮತ್ತು ಬೇಸಿನ್ನಿನ ವಿಷಯದಲ್ಲಿ ನನ್ನ ಮತ ಇದಕ್ಕೇ. ಬಾಟಲ್ ಟ್ರ್ಯಾಪಿನ ತಳಭಾಗ ಕೈಯಿಂದಲೇ ತಿರುಗುವ ಬಟ್ಟಲು. ಕೆಳಗೆ ಬಕೆಟ್ ಇಟ್ಟು, ಹಳೆಯ ಬಟ್ಟೆ ಸುತ್ತಿ ಎಡಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಬಿಗಿಯಾಗಿದ್ದರೆ ಪೈಪ್ ಪಾನಾ ಹಾಕಬಹುದು, ಆದರೆ ಕ್ರೋಮಿನ ಹೊಳಪಿಗೆ ಗೀರು ಬೀಳದಂತೆ ನಡುವೆ ಬಟ್ಟೆ ಇರಲಿ. ಒಳಗೆ ಕಾಣುವುದು ಕಪ್ಪು ಲೋಳೆ, ಕೂದಲು, ಟೂತ್‌ಪೇಸ್ಟಿನ ಕೆಸರು, ಕೆಲವೊಮ್ಮೆ ಎರಡು ವರ್ಷದ ಹಿಂದೆ ಕಳೆದುಹೋದ ಕಿವಿಯೋಲೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ವಾಷರ್ ತನ್ನ ಜಾಗದಲ್ಲಿ ಕೂತಿದೆಯೆಂದು ನೋಡಿ ಮತ್ತೆ ಹಾಕಿದರೆ ಆಯಿತು. ವಾಷರ್ ಗಟ್ಟಿಯಾಗಿ ಬಿರಿದಿದ್ದರೆ ಅದನ್ನೇ ಹಾರ್ಡ್‌ವೇರ್ ಅಂಗಡಿಗೆ ಕೊಂಡೊಯ್ದು ಅಳತೆ ತೋರಿಸಿ ಹೊಸದನ್ನು ತರಬೇಕು. ಕಣ್ಣಳತೆಯಲ್ಲಿ ತಂದದ್ದು ಎಂದೂ ಕೂರುವುದಿಲ್ಲ.

ನೆಲದ ನಹಾನಿ ಟ್ರ್ಯಾಪಿಗೆ ಸ್ಕ್ರೂಡ್ರೈವರಿನಿಂದ ಜಾಲಿ ಎಬ್ಬಿಸಿ, ಒಳಗೆ ಮಗುಚಿದ ಬಟ್ಟಲಿನಂಥ ಭಾಗವಿದ್ದರೆ ಅದನ್ನೂ ಎತ್ತಿ, ಕೈಗವಸು ಹಾಕಿಕೊಂಡು ಕೂದಲನ್ನು ಕೈಯಿಂದಲೇ ತೆಗೆಯಬೇಕು. ಅಸಹ್ಯವೆನಿಸಿದರೂ ಬಚ್ಚಲಿನ ಹೆಚ್ಚಿನ ತಡೆಗಳು ಇಲ್ಲಿಗೇ ಮುಗಿಯುತ್ತವೆ. ಎತ್ತಿಟ್ಟ ಬಟ್ಟಲನ್ನು ಮರಳಿ ಹಾಕದೆ ಬಿಡುವವರಿದ್ದಾರೆ. ನೀರೇನೋ ಬೇಗ ಹೋಗುತ್ತದೆ, ಆದರೆ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರು ನಿಲ್ಲಬೇಕಾದ ನೀರಿನ ತಡೆಗೋಡೆ ಇಲ್ಲವಾಗಿ ಮೋರಿಯ ಗಾಳಿ, ಜಿರಳೆ ಎರಡೂ ಮನೆಯೊಳಗೆ ಬರುತ್ತವೆ. ಬಳಸದ ಬಚ್ಚಲಿನಲ್ಲಿ ಬೇಸಿಗೆಯಲ್ಲಿ ವಾಸನೆ ಏಳುವುದಕ್ಕೂ ಇದೇ ಕಾರಣ. ಅಲ್ಲಿ ಯಾವ ತಡೆಯೂ ಇರುವುದಿಲ್ಲ, ಟ್ರ್ಯಾಪಿನ ನೀರು ಆರಿರುತ್ತದೆ, ಒಂದು ತಂಬಿಗೆ ನೀರು ಸುರಿದರೆ ಸಾಕು.

ಟ್ರ್ಯಾಪ್ ಬಿಚ್ಚಿದಾಗಲೇ ಅದನ್ನು ಬದಲಿಸಬೇಕೇ ಎಂಬ ಪ್ರಶ್ನೆಯೂ ಏಳುತ್ತದೆ. ಅತಿ ಅಗ್ಗದ್ದು ಸುರುಳಿ ಪೈಪು. ಬೇಕಾದ ಕಡೆಗೆ ಬಾಗುತ್ತದೆ, ಯಾರು ಬೇಕಾದರೂ ಹಾಕಬಹುದು, ಆದರೆ ಅದರ ಒಂದೊಂದು ಮಡಿಕೆಯಲ್ಲೂ ಜಿಡ್ಡು ನಿಲ್ಲುತ್ತದೆ, ವರ್ಷ ಎರಡು ವರ್ಷದಲ್ಲಿ ಮಡಿಕೆಯ ಬಳಿಯೇ ಸೀಳುತ್ತದೆ. ಅಡುಗೆಮನೆಗೆ ಒಳಮೈ ನುಣುಪಾಗಿರುವ ಪ್ಲಾಸ್ಟಿಕ್ ಬಾಟಲ್ ಟ್ರ್ಯಾಪ್ ಅಥವಾ ಪಿ ಆಕಾರದ ಟ್ರ್ಯಾಪ್ ಸ್ವಲ್ಪ ಹೆಚ್ಚು ಬೆಲೆಯದಾದರೂ ಮೇಲು. ಹಿತ್ತಾಳೆಯ ಮೇಲೆ ಕ್ರೋಮ್ ಮಾಡಿದ್ದು ಹಲವು ಪಟ್ಟು ದುಬಾರಿ, ಅದರ ಪ್ರಯೋಜನ ಮುಖ್ಯವಾಗಿ ಹೊರಗೆ ಕಾಣುವ ಬೇಸಿನ್ನಿನ ಅಂದಕ್ಕೆ. ಬಾಗಿಲು ಹಾಕಿದ ಕಪಾಟಿನೊಳಗೆ ಅದಕ್ಕೆ ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. ಸೋರುವ ಕೀಲಿಗೆ ಎಂ-ಸೀಲ್ ಮೆತ್ತುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಬಿರುಕುಬಿಟ್ಟ ಸ್ಥಿರ ಪೈಪಿಗೆ ಅದು ಕೆಲಕಾಲ ನಡೆದೀತು. ಆದರೆ ಮುಂದೆ ಬಿಚ್ಚಬೇಕಾದ ನಟ್ಟಿಗೆ ಅದನ್ನು ಮೆತ್ತಿದರೆ, ಮುಂದಿನ ಸಲ ಕಟ್ಟಿಕೊಂಡಾಗ ಟ್ರ್ಯಾಪನ್ನು ಒಡೆಯದೆ ಬೇರೆ ದಾರಿ ಇರುವುದಿಲ್ಲ. ಇಪ್ಪತ್ತು ರೂಪಾಯಿಯ ವಾಷರಿನಲ್ಲಿ ಮುಗಿಯುವ ಕೆಲಸ ಅದು.

ಸ್ಪ್ರಿಂಗ್ ತಂತಿ

ಟ್ರ್ಯಾಪ್ ಸ್ವಚ್ಛವಾಗಿದ್ದೂ ನೀರು ನಿಂತರೆ ತಡೆ ಗೋಡೆಯೊಳಗಿದೆ ಎಂದರ್ಥ. ಆಗ ಬೇಕಾಗುವುದು ಡ್ರೈನ್ ಸ್ಪ್ರಿಂಗ್ ಅಥವಾ ಸ್ನೇಕ್ ಎಂದು ಮಾರುವ, ತುದಿಯಲ್ಲಿ ಕೊಕ್ಕೆಯುಳ್ಳ ಸುರುಳಿ ತಂತಿ. ಮನೆಬಳಕೆಗೆ ಐದು ಮೀಟರಿನದು ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದನ್ನು ಸಿಂಕಿನ ಬಾಯಿಂದ ತುರುಕಿದರೆ ಬಾಟಲ್ ಟ್ರ್ಯಾಪಿನ ಬಟ್ಟಲಿನಲ್ಲೇ ಸುತ್ತಿಕೊಂಡು ನಿಲ್ಲುತ್ತದೆ. ಟ್ರ್ಯಾಪನ್ನು ಕಳಚಿ, ಗೋಡೆಯ ಪೈಪಿನ ಬಾಯಿಂದಲೇ ಇಳಿಸಬೇಕು. ತಂತಿ ತಡೆದ ಕಡೆ ಬಲವಂತವಾಗಿ ನೂಕದೆ ಹಿಡಿಯನ್ನು ಒಂದೇ ದಿಕ್ಕಿನಲ್ಲಿ ತಿರುಗಿಸುತ್ತಾ ಮುಂದೆ ಬಿಡಬೇಕು. ಪೈಪು ಬಾಗುವ ಬೆಂಡಿನ ಬಳಿ ತಡೆದದ್ದೂ ಕಸದ ಬಳಿ ತಡೆದದ್ದೂ ಕೈಗೆ ಬೇರೆ ಬೇರೆಯಾಗಿ ತಿಳಿಯುತ್ತವೆ: ಬೆಂಡು ಗಡುಸಾಗಿ ತಡೆದು ತಿರುಗಿಸಿದೊಡನೆ ದಾರಿ ಬಿಡುತ್ತದೆ, ಕಸ ಮೆತ್ತಗೆ ಹಿಡಿದುಕೊಂಡು ತಂತಿಯನ್ನೇ ಹಿಂದಕ್ಕೆ ದೂಡುತ್ತದೆ. ಕೊಕ್ಕೆಗೆ ಏನೋ ಸಿಕ್ಕಿತೆನಿಸಿದಾಗ ಹೊರಗೆಳೆದು, ಒರೆಸಿ, ಮತ್ತೆ ಬಿಡಬೇಕು. ಮುಂದಕ್ಕೆ ದೂಡಿಬಿಟ್ಟ ಕಸ ಇನ್ನೂ ದೂರದಲ್ಲಿ, ಇನ್ನೂ ಕಷ್ಟದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ.

ಕೂದಲಿಗೆ, ತೆಂಗಿನ ನಾರಿಗೆ, ಬಟ್ಟೆಯ ಚೂರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಉದ್ದಕ್ಕೂ ಹರಡಿದ ಜಿಡ್ಡಿಗೆ ಮಾತ್ರ ಇದು ಅರೆಬರೆ: ನಡುವೆ ಒಂದು ತೂತು ಕೊರೆದು ನೀರಿಗೆ ದಾರಿ ಕೊಡುತ್ತದೆ, ಸುತ್ತಲಿನ ಜಿಡ್ಡು ಹಾಗೆಯೇ ಉಳಿದು ತಿಂಗಳೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ತಂತಿಯಾಡಿಸಿದ ಮೇಲೆ ಮೇಲೆ ಹೇಳಿದ ಬಿಸಿನೀರು ಮತ್ತು ಸೋಪನ್ನು ಧಾರಾಳವಾಗಿ ಬಿಟ್ಟರೆ ಆಗ ಅವುಗಳ ಗುಣ ಕಾಣುತ್ತದೆ. ಕಮೋಡಿಗೆ ಬರಿಯ ತಂತಿ ಬಿಟ್ಟರೆ ಪಿಂಗಾಣಿಯ ಮೇಲೆ ಅಳಿಸಲಾಗದ ಕಪ್ಪು ಗೀರು ಬೀಳುತ್ತದೆ, ರಬ್ಬರ್ ಹೊದಿಕೆಯ ತಂತಿಯೇ ಬೇಕು.

ಪುಡಿ, ಆ್ಯಸಿಡ್ ಮತ್ತು ಕಿಣ್ವ

ಹೆಚ್ಚಿನವರು ಮೊದಲು ಕೈ ಹಾಕುವುದು ಇದಕ್ಕೆ, ಏಕೆಂದರೆ ಕೈ ಕೊಳೆಯಾಗದು, ಬಗ್ಗಬೇಕಿಲ್ಲ, ಪೊಟ್ಟಣಕ್ಕೆ ಹೆಚ್ಚು ಬೆಲೆಯೂ ಇಲ್ಲ. ಅಂಗಡಿಯ ಡ್ರೈನ್ ಕ್ಲೀನರ್ ಪುಡಿಗಳ ಮುಖ್ಯ ಅಂಶ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ. ಅದು ನೀರಿನಲ್ಲಿ ಕರಗುವಾಗ ಬಹಳ ಶಾಖ ಹುಟ್ಟಿಸುತ್ತದೆ, ಜಿಡ್ಡನ್ನು ಸೋಪಾಗಿ ಮಾರ್ಪಡಿಸುತ್ತದೆ, ಕೂದಲನ್ನು ನಿಧಾನವಾಗಿ ಕರಗಿಸುತ್ತದೆ. ಹೀಗಾಗಿ ಪೂರ್ತಿ ಕಟ್ಟದೆ ನಿಧಾನವಾಗಿರುವ, ಜಿಡ್ಡಿನಿಂದಲೇ ಕಿರಿದಾದ ಪೈಪಿಗೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಅನ್ನ, ಗಂಜಿ, ಹಿಟ್ಟಿನ ಮೇಲೆ ಬಿದ್ದರೆ ಪಿಷ್ಟ ಉಬ್ಬಿ ಅಂಟಾಗುತ್ತದೆ. ಪ್ಲಾಸ್ಟಿಕ್ಕಿಗೂ ಸಿಮೆಂಟಿಗೂ ಅದರಿಂದ ಏನೂ ಆಗದು. ನೀರು ಕಡಿಮೆ ಇರುವಲ್ಲಿ ಪುಡಿಯೇ ಹೆಪ್ಪುಗಟ್ಟಿ ತಾನೇ ಒಂದು ತಡೆಯಾಗುವುದುಂಟು. ಅಲ್ಯೂಮಿನಿಯಂ ತಾಗಿದರೆ ಹೈಡ್ರೋಜನ್ ಅನಿಲ ಹೊರಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು, ಅದು ಸೋತಾಗಿನದು. ಪುಡಿ ಹಾಕಿಯೂ ನೀರು ಇಳಿಯದಿದ್ದರೆ ಸಿಂಕಿನಲ್ಲೂ ಟ್ರ್ಯಾಪಿನಲ್ಲೂ ನಿಂತಿರುವುದು ಬರಿಯ ಕೊಳೆ ನೀರಲ್ಲ, ಚರ್ಮ ಸುಡುವ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ ತರುವ ಕ್ಷಾರ. ಆಗ ರಬ್ಬರ್ ಪಂಪು ಒತ್ತಿದರೆ ಅದು ಮುಖಕ್ಕೆ ಸಿಡಿಯುತ್ತದೆ, ಟ್ರ್ಯಾಪು ಬಿಚ್ಚಿದರೆ ಕೈಮೇಲೆ ಸುರಿಯುತ್ತದೆ. ಹಿಂದಿನ ರಾತ್ರಿ ನಾನೇ ಹಾಕಿದ್ದ ಪುಡಿಯನ್ನು ಬೆಳಗ್ಗೆ ಮರೆತು ಬರಿಗೈಯಲ್ಲಿ ಟ್ರ್ಯಾಪು ತಿರುಗಿಸಿ, ಮೂರು ಬೆರಳಿನ ತುದಿಯ ಚರ್ಮ ಸುಲಿದುಕೊಂಡ ಮೇಲೆಯೇ ನನಗೆ ಉಪಾಯಗಳಿಗೂ ಒಂದು ಸರದಿ ಇದೆ ಎಂಬುದು ಅರ್ಥವಾದದ್ದು. ಪುಡಿ ಹಾಕಿದ ಸಂಗತಿಯನ್ನು ಕರೆಸಿದ ಪ್ಲಂಬರಿಗೆ ಹೇಳದೆ ಮುಚ್ಚಿಡುವುದು ಅನ್ಯಾಯದ ಕೆಲಸ. ಅವನ ಕೈಗಳೂ ಚರ್ಮದವೇ.

ಆ್ಯಸಿಡ್ಡಿನ ಕಥೆ ಬೇರೆ. ಬಚ್ಚಲು ತೊಳೆಯಲೆಂದು ಮಾರುವ ಹೈಡ್ರೋಕ್ಲೋರಿಕ್ ಆಮ್ಲ ಗಡುಸು ನೀರಿನ ಬಿಳಿ ಪೊರೆಯನ್ನು ಕರಗಿಸುತ್ತದೆ, ಆದರೆ ಜಿಡ್ಡಿಗೂ ಕೂದಲಿಗೂ ಅದು ಮದ್ದಲ್ಲ. ಅದರ ಜೊತೆಗೆ ಸಿಮೆಂಟಿನ ಕೀಲು, ಮೊಸಾಯಿಕ್, ಅಮೃತಶಿಲೆ, ಕ್ರೋಮ್, ಸ್ಟೀಲ್ ಸಿಂಕು ಎಲ್ಲವನ್ನೂ ತಿನ್ನುತ್ತದೆ. ಕಾಸ್ಟಿಕ್ ಸುರಿದ ಪೈಪಿಗೆ ಆ್ಯಸಿಡ್ ಸುರಿದರೆ ಕುದಿದು ಎಗರುತ್ತದೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವಕ್ಕೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಹೊರಟು, ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ. ಒಂದು ಪೈಪಿಗೆ ಒಂದೇ ರಾಸಾಯನಿಕ, ಅದೂ ಕಿಟಕಿ ತೆರೆದು, ಕೈಗವಸು, ಕನ್ನಡಕ ಹಾಕಿಕೊಂಡು.

ಕಿಣ್ವ ಮತ್ತು ಸೂಕ್ಷ್ಮಜೀವಿಗಳ ಪುಡಿ, ದ್ರವಗಳು ಈಚೆಗೆ ಹೆಚ್ಚು ಬಂದಿವೆ. ಕಟ್ಟಿದ ಪೈಪನ್ನು ಅವು ತೆರೆಯುವುದಿಲ್ಲ, ತೆರೆದ ಪೈಪು ಬೇಗ ಕಟ್ಟದಂತೆ ನೋಡಿಕೊಳ್ಳಬಹುದು. ರಾತ್ರಿಯೆಲ್ಲ ನೀರು ಬಿಡದೆ ಇರಬೇಕಾದ್ದರಿಂದ ತಾಳ್ಮೆ ಇರುವವರಿಗೆ ಮಾತ್ರ. ಸೆಪ್ಟಿಕ್ ಟ್ಯಾಂಕ್ ಅಥವಾ ತೋಟಕ್ಕೆ ನೀರು ಬಿಡುವ ಮನೆಯವರಿಗೆ ರಾಸಾಯನಿಕಗಳಲ್ಲಿ ಒಪ್ಪಬಹುದಾದದ್ದು ಇದೊಂದೇ, ಏಕೆಂದರೆ ಕಾಸ್ಟಿಕ್, ಆ್ಯಸಿಡ್, ಬ್ಲೀಚ್ ಮೂರೂ ಟ್ಯಾಂಕಿನಲ್ಲಿ ಮಲವನ್ನು ಕೊಳೆಯಿಸುವ ಜೀವಿಗಳನ್ನೇ ಕೊಲ್ಲುತ್ತವೆ, ಬಾಳೆಯ ಬುಡಕ್ಕೂ ಹಿತವಲ್ಲ.

ಪ್ಲಂಬರ್, ಯಂತ್ರ ಮತ್ತು ಕೈ ಹಾಕಬಾರದ ಜಾಗ

ಸ್ವತಃ ಮಾಡುವುದಕ್ಕೂ ಒಂದು ಗಡಿ ಇದೆ. ಐದು ಮೀಟರಿನ ತಂತಿ ಪೂರ್ತಿ ಒಳಗೆ ಹೋಗಿಯೂ ತಡೆ ಸಿಗದಿದ್ದರೆ, ಸಿಮೆಂಟು ಗಟ್ಟಿಯಾಗಿದೆ ಎಂಬ ಅನುಮಾನವಿದ್ದರೆ, ಹಳೆಯ ಮನೆಯ ಮಣ್ಣಿನ ಪೈಪಿನ ಕೀಲುಗಳಲ್ಲಿ ಮರದ ಬೇರು ನುಗ್ಗಿದ್ದರೆ, ಗೋಡೆಯಲ್ಲಿ ತೇವ ಕಾಣತೊಡಗಿದರೆ ಪ್ಲಂಬರನ್ನು ಕರೆಸುವುದೇ ಅಗ್ಗ. ಕರೆಸುವಾಗ ತಡೆ ಎಲ್ಲಿದೆ ಎಂದು ನೀವು ಮೊದಲು ಮಾಡಿದ ಪರೀಕ್ಷೆಯ ಫಲವನ್ನು ಹೇಳಿ, ಬರುವುದಕ್ಕೆ ಎಷ್ಟು, ಯಂತ್ರ ಹಾಕಿದರೆ ಎಷ್ಟು, ಟೈಲ್ಸ್ ಒಡೆಯಬೇಕಾದರೆ ಮತ್ತೆ ಕೂರಿಸುವವರು ಯಾರು ಎಂಬ ಮೂರನ್ನೂ ಮುಂಚೆಯೇ ಮಾತಾಡಿಕೊಳ್ಳಬೇಕು. ಮೋಟಾರಿನ ಸ್ಪ್ರಿಂಗ್ ಯಂತ್ರ ಬೇರು ಮತ್ತು ಗಂಟುಗಳನ್ನು ಕತ್ತರಿಸುತ್ತದೆ, ಜೆಟ್ಟಿಂಗ್ ಯಂತ್ರ ಒತ್ತಡದ ನೀರಿನಿಂದ ಪೈಪಿನ ಒಳಮೈಯ ಜಿಡ್ಡನ್ನೇ ತೊಳೆಯುತ್ತದೆ. ತಿಂಗಳಿಗೊಮ್ಮೆ ಅದೇ ಜಾಗ ಕಟ್ಟುತ್ತಿದ್ದರೆ ಎರಡನೆಯದಕ್ಕೆ ಹಣ ಕೊಡುವುದು ಸರಿ. ಆದರೆ ಶಿಥಿಲವಾದ ಹಳೆಯ ಪೈಪು ಆ ಒತ್ತಡವನ್ನು ತಾಳದಿರಬಹುದು. ಜೆಟ್ಟಿಂಗ್ ಮಾಡಿಸಿದ ಮೇಲೂ ಅಲ್ಲೇ ಕಟ್ಟಿದರೆ ಪೈಪಿನ ಇಳಿಜಾರಿನಲ್ಲೇ ದೋಷವಿದೆ ಎಂದು ತಿಳಿದು, ಪೈಪು ಬದಲಿಸುವ ಮಾತಿಗೆ ಹೋಗಬೇಕು.

ಅಂಗಳದ ಆಳವಿಲ್ಲದ ಚೇಂಬರಿನಲ್ಲಿ ಕಸ ಕಂಡರೆ ಹೊರಗೆ ನಿಂತು ಬಿದಿರಿನ ದಬ್ಬೆಯಿಂದ ಸರಿಸಬಹುದು. ಅದಕ್ಕಿಂತ ಆಳದ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕು, ಮುಚ್ಚಿದ ಗುಂಡಿಗಳಿಗೆ ನೀವೂ ಇಳಿಯಬಾರದು, ಬೇರೆ ಯಾರನ್ನೂ ಇಳಿಸಬಾರದು. ಅಲ್ಲಿ ಸೇರಿರುವ ಹೈಡ್ರೋಜನ್ ಸಲ್ಫೈಡ್ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಇಳಿದ ಎರಡನೆಯವರೂ ಉಳಿಯುವುದಿಲ್ಲ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ ಸುಪ್ರೀಂ ಕೋರ್ಟು 2014ರಲ್ಲಿ ನಿಗದಿಪಡಿಸಿದ 10 ಲಕ್ಷ ರೂಪಾಯಿ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿದೆ. ಐನೂರು ರೂಪಾಯಿಗೆ ಒಬ್ಬರು ಇಳಿಯುತ್ತೇನೆಂದರೂ ಬೇಡವೆನ್ನಬೇಕಾದವರು ಮನೆಯ ಯಜಮಾನರು. ಟ್ಯಾಂಕಿಗೆ ಹೀರುವ ವಾಹನ ಕರೆಸಬೇಕು. ಬೀದಿಯ ಒಳಚರಂಡಿ ಉಕ್ಕಿದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ, ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆಗೆ ದೂರು ಕೊಡಬೇಕು. ಮಳೆ ಬಂದಾಗಲೆಲ್ಲ ಚೇಂಬರು ಉಕ್ಕುತ್ತಿದ್ದರೆ ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿದ್ದಾರೆಯೇ ಎಂದೂ ಒಮ್ಮೆ ನೋಡಿ. ಹಾಗೆ ಸೇರಿಸುವುದು ನಿಯಮಕ್ಕೆ ವಿರುದ್ಧ, ಮತ್ತು ಅದಕ್ಕೆ ಯಾವ ಪುಡಿಯೂ ಪರಿಹಾರವಲ್ಲ.

ನಿಮ್ಮ ಮನೆಗೆ ಯಾವುದು

ಬಾಡಿಗೆ ಮನೆಯಲ್ಲಿ ಇರುವವರು ರಬ್ಬರ್ ಪಂಪು ಮತ್ತು ಐದು ಮೀಟರಿನ ತಂತಿಯನ್ನು ಕೊಂಡಿಟ್ಟುಕೊಳ್ಳುವುದು ಲಾಭ. ಮನೆ ಬದಲಿಸಿದರೂ ಜೊತೆಗೆ ಬರುತ್ತವೆ, ಒಂದು ಸಲ ಪ್ಲಂಬರನ್ನು ಕರೆಸುವ ಹಣದಲ್ಲಿ ಎರಡೂ ಆಗುತ್ತವೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ಡ್ರೈನ್ ಸ್ವಚ್ಛ ಮಾಡುವುದನ್ನು ಬಾಡಿಗೆದಾರರ ಪಾಲಿಗೂ, ಪೈಪು ಬದಲಿಸುವುದನ್ನು ಮಾಲೀಕರ ಪಾಲಿಗೂ ಹಂಚಿದೆ. ನಿಮ್ಮ ಕರಾರಿನಲ್ಲಿ ಬೇರೇನೂ ಬರೆದಿರದಿದ್ದರೆ ಮಾತುಕತೆಗೆ ಅದು ಒಳ್ಳೆಯ ಆಧಾರ. ಆ್ಯಸಿಡ್ ಸುರಿದು ನೆಲದ ಕಲ್ಲು ಹಾಳಾದರೆ ಮಾತ್ರ ಮುಂಗಡದಿಂದ ಕಳೆದುಕೊಳ್ಳುವುದು ನೀವೇ.

ಬಗ್ಗಲು ಆಗದ ಹಿರಿಯರು ಇಬ್ಬರೇ ಇರುವ ಮನೆಯಲ್ಲಿ ಟ್ರ್ಯಾಪ್ ಬಿಚ್ಚಿ ಎನ್ನುವುದು ಸರಿಯಲ್ಲ. ಅಲ್ಲಿ ಜಾಲಿಯ ಮೇಲೆ ಕೂದಲು ಹಿಡಿಯುವ ಸಣ್ಣ ಬಲೆ, ಸಿಂಕಿಗೆ ಸ್ಟೀಲ್ ಜರಡಿ, ಎಣ್ಣೆ ಪಾತ್ರೆಯನ್ನು ತೊಳೆಯುವ ಮುನ್ನ ಕಾಗದದಲ್ಲಿ ಒರೆಸುವ ರೂಢಿ, ವಾರಕ್ಕೊಮ್ಮೆ ಹದವಾದ ಬಿಸಿನೀರು. ಅಷ್ಟರ ಮೇಲೂ ಕಟ್ಟಿದರೆ ನೇರವಾಗಿ ಪ್ಲಂಬರ್. ಪುಡಿಯ ಪೊಟ್ಟಣವನ್ನು ಅವರ ಕೈಗೆ ಕೊಡುವುದಕ್ಕಿಂತ ಪ್ಲಂಬರಿನ ಹಣ ಕೊಡುವುದು ಮಕ್ಕಳಿಗೆ ಒಳಿತು.

ಸೆಪ್ಟಿಕ್ ಟ್ಯಾಂಕ್ ಇರುವ ಸ್ವಂತ ಮನೆಯವರು ಪಂಪು, ತಂತಿ, ಟ್ರ್ಯಾಪ್ ಮೂರಕ್ಕೇ ನಿಲ್ಲಬೇಕು. ಕಮೋಡಿನ ನೀರು ಗುಳುಗುಳು ಎಂದು ನಿಧಾನವಾಗಿ ಇಳಿಯುತ್ತಿದ್ದರೆ ಪೈಪಿಗಿಂತ ಮೊದಲು ಟ್ಯಾಂಕು ತುಂಬಿದೆಯೇ ಎಂದು ವಿಚಾರಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೀರಿಸುವುದು ವಾಡಿಕೆ.

ಅಪಾರ್ಟ್‌ಮೆಂಟಿನ ಕೆಳಮನೆಯವರದು ಎಲ್ಲರಿಗಿಂತ ಬೇರೆಯ ಪಾಡು. ನೀವು ನಲ್ಲಿಯನ್ನೇ ತೆರೆಯದಿದ್ದಾಗ ನಿಮ್ಮ ಬಚ್ಚಲಿನ ಜಾಲಿಯಿಂದ ನೊರೆಯ ನೀರು ಮೇಲೆ ಬಂದರೆ ಅದು ಮೇಲಿನವರ ವಾಷಿಂಗ್ ಮೆಷಿನ್ನಿನ ನೀರು, ತಡೆ ಇರುವುದು ಎಲ್ಲರಿಗೂ ಸೇರಿದ ನೆಟ್ಟಗಿನ ಪೈಪಿನ ಕೆಳಗಿನ ಬೆಂಡಿನಲ್ಲಿ. ನಿಮ್ಮ ಮನೆಯೊಳಗೆ ನೀವು ಏನು ಮಾಡಿದರೂ ಅದು ತೆರೆಯದು. ಪಂಪು ಒತ್ತಿದರೆ ಪಕ್ಕದ ಮನೆಯ ಜಾಲಿಯಿಂದ ಹೊಲಸು ಚಿಮ್ಮೀತು. ಮೇಲಿನ ಮಹಡಿಗಳವರಿಗೆಲ್ಲ ನೀರು ಬಿಡಬೇಡಿ ಎಂದು ತಿಳಿಸಿ, ನೀರು ಮೇಲೆ ಬರುತ್ತಿರುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಸಂಘದವರನ್ನು ಕರೆಯಬೇಕು. ಆ ಪೈಪಿನ ಖರ್ಚು ಸಂಘದ ನಿರ್ವಹಣಾ ನಿಧಿಯದು.